ಪ್ಲಗಿನ್ ರತ್ನ

ಕಲ್ಲಪ್ಪನವರಿಗೆ ಈ ಲೋಕದಲ್ಲಿ ಒಂದು ವಿಷಯದಲ್ಲಿ ಮಾತ್ರ ಅಚಲವಾದ ನಂಬಿಕೆಯಿತ್ತು: ಶಾಲು ಹೊದಿಸಿದರೆ ಎಂಥ ಮನುಷ್ಯನೂ ನಮ್ಮವನಾಗುತ್ತಾನೆ. ದೇವರ ವಿಷಯದಲ್ಲಿ ಅವರಿಗೆ ಆಗಾಗ ಅನುಮಾನ ಬಂದದ್ದುಂಟು, ಶಾಲಿನ ವಿಷಯದಲ್ಲಿ ಬಂದದ್ದಿಲ್ಲ. ಧಾರವಾಡದಿಂದ ಕೇಂದ್ರ ಸರ್ಕಾರದ ನೌಕರಿ ಹಿಡಿದು ಕೊಲ್ಕತ್ತಾಕ್ಕೆ ಬಂದು, ತಲೆ ನರೆಯುವವರೆಗೂ ಇಲ್ಲೇ ಉಳಿದುಬಿಟ್ಟ ಅವರು ಇಲ್ಲಿನ ಕನ್ನಡ ಬಳಗದ ಕಾರ್ಯದರ್ಶಿ. ಬಳಗದ ನಾಟಕಕ್ಕೆ ಪರದೆ ಕೊಟ್ಟವರಿಗೆ ಶಾಲು, ಪರದೆ ಎಳೆದವರಿಗೆ ಶಾಲು, ನಾಟಕವನ್ನು ಕೊನೆಯವರೆಗೂ ಕೂತು ನೋಡಿದ ಪುಣ್ಯಾತ್ಮರೊಬ್ಬರಿಗೂ ಒಮ್ಮೆ ಶಾಲು ಹೊದಿಸಿದ್ದರು. ಬಳಗ ಇಷ್ಟು ವರ್ಷ ಉಳಿದದ್ದೇ ಇದರಿಂದ ಎಂಬುದು ಅವರ ವಾದ. ಬಳಗ ಉಳಿದದ್ದು ಊಟಕ್ಕೆ ಹೋಳಿಗೆ ಇರುವುದರಿಂದ ಎಂಬುದು ಅವರ ಹೆಂಡತಿ ಇಂದಿರಾ ಅವರ ವಾದ. ಗಂಡ ಹೆಂಡಿರ ನಡುವೆ ತೀರ್ಪು ಕೊಡುವ ಧೈರ್ಯ ನಮಗಿಲ್ಲ.

ರಗಳೆ ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ. ಮಗಳು ಅಕ್ಷರಾ ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಗರಿಯಾಹಾಟ್‌ನಿಂದ ದಿನಾ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬಂದು ಅರ್ಧ ಸೊರಗಿದ್ದಳು. ಇನ್ನರ್ಧ ಸೊರಗಲು ಕಾರಣ ‘ಪಡಸಾಲಿ’.

"ಅಪ್ಪಾ, ನಾ ಪಡಸಾಲಿ ಬಂದ್ ಮಾಡ್ತೀನಿ. ದುರ್ಗಾಪೂಜೋ ರಜಾದಾಗ ನೋಟಿಸ್ ಹಾಕಿಬಿಡ್ತೀನಿ," ಎಂದಳು, ತಟ್ಟೆ ನೋಡುತ್ತ.

"ಯಾಕವ್ವಾ, ಏನಾತು?"

"ಏನೂ ಆಗವಲ್ದು, ಅದೇ ಪ್ರಾಬ್ಲಮ್. ಯಾರೂ ಪ್ಲಗಿನ್ ಬರಿಯಂಗಿಲ್ಲ. ಕಮ್ಯೂನಿಟಿನೇ ಇಲ್ಲ. ಎಲ್ಲಾ ನಾ ಒಬ್ಬಾಕಿ ನೋಡ್ಕೋಬೇಕು. ಥೀಸಿಸ್ ಅಲ್ಲೇ ಬಿದ್ದೈತಿ."

ಪಡಸಾಲಿ ಎಂದರೆ ವೆಬ್‌ಸೈಟ್ ಕಟ್ಟುವವರಿಗೆ ಬೇಕಾದ ಒಂದು ಚೌಕಟ್ಟು. ಅಕ್ಷರಾ ತಾನೇ ಮಾಡಿ, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ನೆಟ್ಟಿನ ಮೇಲೆ ಬಿಚ್ಚಿಟ್ಟಿದ್ದಳು. ಯಾರನ್ನೂ ಕೇಳದೆ ಬಂದು ಕೂರಬಹುದಾದ ಜಾಗವೆಂದು ಆ ಹೆಸರು. ಒಬ್ಬರಿಗೆ ವೆಬ್‌ಸೈಟಿನಲ್ಲಿ ಕ್ಯಾಲೆಂಡರ್ ಬೇಕು, ಇನ್ನೊಬ್ಬರಿಗೆ ಫೋಟೋ ಆಲ್ಬಮ್ ಬೇಕು. ಅಂಥ ಬಿಡಿ ಭಾಗಗಳನ್ನು ಹೊರಗಿನವರು ಬರೆದು ಚೌಕಟ್ಟಿಗೆ ಜೋಡಿಸಬೇಕು. ಆ ಬಿಡಿ ಭಾಗವೇ ಪ್ಲಗಿನ್. ಇಷ್ಟನ್ನು ಅಕ್ಷರಾ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲೆಸಿ ಹೇಳಿದಳು. ಕಲ್ಲಪ್ಪನವರ ಕಿವಿಗೆ ಬಿದ್ದದ್ದು ಎರಡೇ ಸಂಗತಿ: ಜನ ಬರುತ್ತಿಲ್ಲ, ಮಗಳು ಒಬ್ಬಳೇ ಇದ್ದಾಳೆ. ಜನರನ್ನು ಸೇರಿಸುವುದರಲ್ಲಿ ಜೀವ ಸವೆಸಿದ ಮನುಷ್ಯನ ಮನೆಯಲ್ಲೇ ಇಂಥ ಗತಿಯೇ ಎಂದು ಅವರಿಗೆ ಸಂಕಟವಾಯಿತು.

"ಒಬ್ಬರೂ ಬಂದಿಲ್ಲೇನು?"

"ಸುಬಿಮಲ್ ಹಾಲ್ದಾರ್ ಅಂತ ಒಬ್ಬರು ಬಂದಾರ. ಸಿಯಾಲ್ದಾ ಹತ್ರ ಯಾವ್ದೋ ಗೌರ್ಮೆಂಟ್ ಆಫೀಸ್. ಬಂಗಾಳಿ ಪಂಜಿಕಾ, ಅಂದ್ರ ಪಂಚಾಂಗದ್ದು ಪ್ಲಗಿನ್ ಮಾಡ್ಯಾರ, ತಿಥಿ, ಪೂಜೋ ಎಲ್ಲಾ ಬರ್ತೈತಿ."

"ಅವರಿಗೆ ಸನ್ಮಾನ ಮಾಡೀರೇನು?"

"ಸನ್ಮಾನಾ?"

"ಮಾಡಿಲ್ಲ! ಮತ್ತ ಜನ ಹೆಂಗ ಬರ್ತಾರ, ನೀನ ಹೇಳು!" ಕಲ್ಲಪ್ಪನವರು ಚಮಚ ಕೆಳಗಿಟ್ಟರು. "ಪ್ರೋತ್ಸಾಹ ಬೇಕವ್ವಾ, ಪ್ರೋತ್ಸಾಹ! ಇದನ್ನ ನನಗ ಬಿಡು."

"ಏನರ ಮಾಡ್ಕೊ ಅಪ್ಪಾ," ಎಂದಳು ಅಕ್ಷರಾ. ಮಕ್ಕಳು ಹೀಗೆನ್ನುವುದು ಮಾತು ಮುಗಿಸಲಿಕ್ಕೆ. ಕಲ್ಲಪ್ಪನವರು ಮಾತ್ರ ಅದನ್ನು ಸರ್ವಾನುಮತದ ಠರಾವೆಂದು ತಿಳಿದರು.

ಬಳಗದ ಅಧ್ಯಕ್ಷ ಅಣ್ಣಪ್ಪನವರು ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಲ್ಲಿ ಕೂತು ಮೈಯೆಲ್ಲ ಜಡ್ಡುಗಟ್ಟಿದ್ದವರು. ಸನ್ಮಾನ ಎಂಬ ಶಬ್ದ ಕೇಳಿದ್ದೇ ಎದ್ದು ಅಂಗಿ ಹಾಕಿಕೊಂಡರು. ಪ್ಲಗಿನ್ ಎಂದರೇನು ಎಂದು ಅವರು ಕೇಳಲಿಲ್ಲ. ಸನ್ಮಾನ ಮಾಡುವವರು ಅಂಥದ್ದನ್ನೆಲ್ಲ ಕೇಳುವ ಪದ್ಧತಿಯಿಲ್ಲ.

"ಬಿರುದು ಏನ್ ಕೊಡೋಣ್ರಿ?"

"ಬಿರುದೂ ಬೇಕೇನ್ರಿ?"

"ಬಿರುದಿಲ್ದ ಶಾಲು ಹಾಕಿದ್ರ, ಥಂಡಿ ಹತ್ತೈತೇನೋ ಅಂದ್ಕೋತಾರ. ‘ಪ್ಲಗಿನ್ ರತ್ನ’ ಅಂದ್ರ ಹೆಂಗ?"

ಹೇಗೆಂದರೆ, ಕಲ್ಲಪ್ಪನವರ ಮೈ ಝುಂ ಎಂದಿತು. ಗರಿಯಾಹಾಟ್‌ನ ಅಂಗಡಿಗಳನ್ನೆಲ್ಲ ಜಾಲಾಡಿ ಜರಿಯಂಚಿನ ಶಾಲು ತಂದರು. ಬಳಗದ ಕಪಾಟಿನಲ್ಲಿ ಮೈಸೂರು ಪೇಟವಿತ್ತು. ಹಣ್ಣಿನ ಬುಟ್ಟಿಗೆ ಇಂದಿರಾ ಬಣ್ಣದ ಕಾಗದ ಸುತ್ತಿಕೊಟ್ಟರು. "ಮೊದಲ ಒಂದು ಫೋನ್ ಮಾಡಿ ಹೋಗ್ರಿ," ಎಂದೂ ಹೇಳಿದರು. "ಹೇಳಿ ಮಾಡಿದ್ರ ಅದು ಸನ್ಮಾನ ಹೆಂಗಾಗ್ತೈತಿ?" ಎಂದರು ಕಲ್ಲಪ್ಪನವರು.

ಬುಧವಾರ ಊಟದ ಬಿಡುವಿನ ಹೊತ್ತಿಗೆ ಇಬ್ಬರೂ ಸಿಯಾಲ್ದಾ ತಲುಪಿ, ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಹಾರ ನಲುಗದಂತೆ ಮೇಲೆತ್ತಿ ಹಿಡಿದು, ಕೇಳಿಕೊಂಡು ಕೇಳಿಕೊಂಡು ಆ ಕಚೇರಿ ಹೊಕ್ಕರು. ಸುಬಿಮಲ್ ಬಾಬು ಫ್ಯಾನಿನ ಕೆಳಗಿನ ಮೇಜಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ತಮ್ಮ ಹೆಸರನ್ನು ಯಾರಾದರೂ ಜೋರಾಗಿ ಕರೆದರೆ ನಾಚುವ ಜಾತಿ. ಅವರ ಕೈಯಲ್ಲಿದ್ದ ಪೂರಿಯಂಥ ಲೂಚಿ ಬಾಯಿಗೆ ಮುಟ್ಟುವುದರೊಳಗೆ ಹೆಗಲಿಗೆ ಶಾಲು, ಕೊರಳಿಗೆ ಹಾರ, ತಲೆಗೆ ಪೇಟ ಬಂದು ಕೂತವು. ಅಣ್ಣಪ್ಪನವರು ಬ್ಯಾನರ್ ಬಿಚ್ಚಿ ಹಿಡಿದರು. ‘ಪಡಸಾಲಿಯ ಪಂಜಿಕಾ ಕರ್ತೃ, ಪ್ಲಗಿನ್ ರತ್ನ ಶ್ರೀ ಸುಬಿಮಲ್ ಹಾಲ್ದಾರ್ ಅವರಿಗೆ ಗೌರವ ಸಮರ್ಪಣೆ’ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಆ ಕಚೇರಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರಿದ್ದಿದ್ದರೂ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಸರ್ಕಾರಿ ಕಚೇರಿಯಲ್ಲಿ ನೌಕರನ ಕೊರಳಿಗೆ ಹಾರ ಬೀಳುವುದು ಒಂದೇ ದಿನ. ಇದು ಕಲ್ಲಪ್ಪನವರಿಗೆ ಗೊತ್ತಿರಲಿಲ್ಲವೆಂದಲ್ಲ, ಅವರ ಕಚೇರಿಯಲ್ಲೂ ಹಾಗೆಯೇ. ಆದರೆ ಕಚೇರಿಯ ಕಲ್ಲಪ್ಪನವರಿಗೂ ಬಳಗದ ಕಲ್ಲಪ್ಪನವರಿಗೂ ಅಷ್ಟಾಗಿ ಪರಿಚಯವಿರಲಿಲ್ಲ.

"ಹಾಲ್ದಾರ್‌ದಾ! ವಾಲಂಟರಿ ರಿಟೈರ್‌ಮೆಂಟ್ ತಗೊಂಡ್ರಾ? ನಮಗೆ ಒಂದು ಮಾತೂ ಹೇಳಲಿಲ್ಲ!" ಎಂದು ಮೂಲೆಯ ಮೇಜಿನ ಹೆಂಗಸು ಬಂಗಾಳಿಯಲ್ಲಿ ಕೂಗಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ಸಂದೇಶ್ ಮಿಠಾಯಿ ತರಲು ಓಡಿದರು. ಪಕ್ಕದ ಮೇಜಿನ ಗೃಹಸ್ಥರು ತಮ್ಮ ನೀರಿನ ಬಾಟಲಿಯನ್ನು ಸುಬಿಮಲ್ ಬಾಬುವಿನ ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿ ಹೇಗೆ ಬರುತ್ತದೆಂದು ಒಮ್ಮೆ ನಿಂತು ನೋಡಿದರು.

ಸುಬಿಮಲ್ ಬಾಬು ಬಾಯಿ ತೆರೆದರು. ಅಷ್ಟರಲ್ಲಿ ಕಲ್ಲಪ್ಪನವರ ಭಾಷಣ ಶುರುವಾಗಿತ್ತು, ಹಿಂದಿಯಲ್ಲಿ.

"ಸುಬಿಮಲ್ ಬಾಬು ಇಷ್ಟು ದಿನ ಯಾರಿಗೂ ತಿಳಿಯದ ಹಾಗೆ ಸೇವೆ ಮಾಡಿದರು. ಇಂಥ ರತ್ನವನ್ನು ಇಲ್ಲಿ ಯಾರೂ ಗುರುತಿಸಲಿಲ್ಲ. ನಾವು ಗುರುತಿಸಿದೆವು! ಇಂದಿನಿಂದ ಇವರು ನಮ್ಮವರು!"

ಗದ್ದಲ ಕೇಳಿ ಹೊರಬಂದ ಸಾಹೇಬರಿಗೆ ಸರಿಯಾಗಿ ಈ ಕೊನೆಯ ವಾಕ್ಯ ಕೇಳಿಸಿತು. ಅವರು ಚಪ್ಪಾಳೆ ತಟ್ಟಲಿಲ್ಲ. ಕಲ್ಲಪ್ಪನವರಿಗೆ ಅದೆಲ್ಲ ಕಾಣಲಿಲ್ಲ. ಜನ ಅಳುವಷ್ಟು ಸನ್ಮಾನ ಅವರ ಕೈಯಿಂದ ಹಿಂದೆ ಯಾವತ್ತೂ ಆಗಿರಲಿಲ್ಲ. ತಾವೂ ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು.

ಮರುದಿನ ಸಂಜೆ ಅಕ್ಷರಾ ಬಾಗಿಲಲ್ಲೇ ನಿಂತು ಫೋನ್ ಮುಂದೆ ಹಿಡಿದಳು.

"ಅಪ್ಪಾ, ನೀ ಅವರ ಆಫೀಸಿಗೆ ಹೋಗಿದ್ದೇನು?"

"ಹೋಗಿದ್ದೆ. ಏನಂದ್ರು? ಖುಷಿ ಆದ್ರೇನು?"

"ಓದು."

ಇಂಗ್ಲಿಷಿನಲ್ಲಿ ನಾಲ್ಕು ಸಾಲಿತ್ತು. ದಯವಿಟ್ಟು ನನ್ನ ಪ್ಲಗಿನ್ ತೆಗೆದುಹಾಕಿ, ಹೆಸರನ್ನೂ ತೆಗೆಯಿರಿ. ನಾನು ಖಾಸಗಿ ಕಂಪನಿ ಸೇರಿದ್ದೇನೆಂದು ಸುದ್ದಿಯಾಗಿದೆ. ಸಾಹೇಬರು ವಿವರಣೆ ಕೇಳಿದ್ದಾರೆ. ಇನ್ನು ನಾನು ಏನನ್ನೂ ಬರೆಯುವುದಿಲ್ಲ.

"ಇದ್ದವರೇ ಒಬ್ಬರು. ಅವರನ್ನೂ ಓಡಿಸಿದಿ," ಎಂದಳು ಅಕ್ಷರಾ. ಕೂಗಾಡಿದ್ದರೆ ಕಲ್ಲಪ್ಪನವರು ತಿರುಗಿ ಕೂಗಾಡಿ ಹಗುರಾಗುತ್ತಿದ್ದರು. ಅವಳು ಮೆಲ್ಲಗೆ ಹೇಳಿ ಒಳಗೆ ಹೋದಳು. ಅವರು ಊಟದ ಹೊತ್ತಿಗೆ ಹಸಿವಿಲ್ಲ ಎಂದರು. ಇಂದಿರಾ ಬಲವಂತ ಮಾಡಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಕಲ್ಲಪ್ಪನವರು ಮತ್ತೆ ಸಿಯಾಲ್ದಾಕ್ಕೆ ಹೋದರು, ಈ ಸಲ ಬರಿಗೈಯಲ್ಲಿ. ಸಾಹೇಬರು ಇಬ್ಬರನ್ನೂ ಮುಂದೆ ಕೂರಿಸಿಕೊಂಡರು. ಸುಬಿಮಲ್ ಬಾಬು ನೆಲ ನೋಡುತ್ತಿದ್ದರು.

"ಹೊರಗಿನ ಉದ್ಯೋಗಕ್ಕೆ ಹಾಲ್ದಾರ್ ಅನುಮತಿ ಪಡೆದಿಲ್ಲ," ಎಂದರು ಸಾಹೇಬರು.

"ಉದ್ಯೋಗ ಅಲ್ಲ ಸರ್. ಅವರು ಒಂದು ಪಂಜಿಕಾ ಮಾಡಿ ಎಲ್ಲರಿಗೂ ಕೊಟ್ಟಿದ್ದಾರೆ, ಅಷ್ಟೆ."

"ಸಂಬಳ?"

"ಇಲ್ಲ ಸರ್."

"ಭತ್ಯೆ, ಪ್ರಮೋಷನ್?"

"ಇಲ್ಲ ಸರ್."

"ಹೆಸರು?"

"ಒಂದು ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದಂತೆ ಸರ್. ಹುಡುಕಬೇಕು."

"ಮಾಡೆಂದು ಹೇಳಿದವರು ಯಾರು?"

"ಯಾರೂ ಇಲ್ಲ ಸರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದರೆ ಯಾಕೆ ಮಾಡಿದರು?"

ವೇದಿಕೆಯ ಮೇಲೆ ಯಾರ ಬಗ್ಗೆ ಬೇಕಾದರೂ ಗಂಟೆಗಟ್ಟಲೆ ಮಾತಾಡಬಲ್ಲ ಕಲ್ಲಪ್ಪನವರು ಸುಬಿಮಲ್ ಬಾಬುವಿನ ಕಡೆ ತಿರುಗಿ ನೋಡಿದರು. ರತ್ನ ಎಂದದ್ದಾಯಿತು, ಪೇಟ ಇಟ್ಟದ್ದಾಯಿತು, ಈ ಮನುಷ್ಯ ಯಾಕೆ ಮಾಡಿದ ಎಂದು ಕೇಳಿರಲಿಲ್ಲ. ಇಷ್ಟು ವರ್ಷ ಶಾಲು ಹೊದಿಸಿದವರಲ್ಲಿ ಯಾರನ್ನಾದರೂ ಕೇಳಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ, ನಾಚಿಕೆಯಾಯಿತು.

"ಸಂಬಳ ತೆಗೆದುಕೊಂಡು ಮಾಡಿದ್ದರೆ ಕ್ರಮಕ್ಕೆ ನಿಯಮವಿದೆ," ಎಂದರು ಸಾಹೇಬರು ಕೊನೆಗೆ, ತುಸು ಬೇಸರದಿಂದಲೇ. "ಏನೂ ತೆಗೆದುಕೊಳ್ಳದೆ ಮಾಡಿದವರ ವಿಷಯದಲ್ಲಿ ಸರ್ಕಾರ ಯೋಚನೆಯನ್ನೇ ಮಾಡಿಲ್ಲ. ಹೋಗಿ, ಕೆಲಸ ನೋಡಿ." ಇಬ್ಬರೂ ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು: "ಹಾಲ್ದಾರ್! ಈ ಸಲ ಮಹಾಲಯ ಯಾವತ್ತು?" ಸುಬಿಮಲ್ ಬಾಬು ತಿಥಿ ಯಾವಾಗ ಹಿಡಿದು ಯಾವಾಗ ಬಿಡುತ್ತದೆಂಬುದರ ಸಮೇತ ಹೇಳಿದರು. ಸಾಹೇಬರು ತಮ್ಮ ಗೋಡೆಯ ಕ್ಯಾಲೆಂಡರಿಗೆ ಗುರುತು ಹಾಕಿಕೊಂಡರು.

ಕಚೇರಿಯ ಗಂಡಾಂತರ ಕಳೆದರೂ ಮನೆಯದು ಉಳಿದಿತ್ತು. "ನಿಮ್ಮ ಮನೆಯವರಿಗೆ ನಾನೇ ಹೇಳುತ್ತೇನೆ," ಎಂದು ಕಲ್ಲಪ್ಪನವರು ಹಟ ಹಿಡಿದರು. ಸುಬಿಮಲ್ ಬಾಬುವಿನ ಮನೆ ಬಾರಾನಗರದಲ್ಲಿ, ಗಂಗೆಯ ದಂಡೆಯ ಓಣಿಯೊಂದರಲ್ಲಿ. ಒಳಗೆ ಕಾಲಿಟ್ಟರೆ ಅಲ್ಲಿ ನಿವೃತ್ತಿ ಜೀವನ ಆಗಲೇ ಜೋರಾಗಿ ನಡೆದಿತ್ತು. ಹೆಂಡತಿ ಮಿತಾಲಿ ಗಂಡನ ಜೊತೆ ಮಾತು ಬಿಟ್ಟಿದ್ದರು. ಗಂಡ ರಿಟೈರ್ ಆದದ್ದನ್ನು ಪಾಡಾದ, ಅಂದರೆ ಕೇರಿಯ, ಮಿಠಾಯಿ ಅಂಗಡಿಯವನ ಬಾಯಲ್ಲಿ ಕೇಳಬೇಕಾಯಿತಲ್ಲ ಎಂದು. ಬರ್ಧಮಾನ್‌ನಿಂದ ಬಂದಿಳಿದ ಭಾವಮೈದುನ, ಭಾವನವರ ಜೊತೆ ಸೇರಿ ಮೀನಿನ ಹೋಟೆಲು ತೆರೆಯುವ ಯೋಜನೆ ಹಾಕಿ, ಸುಬಿಮಲ್ ಬಾಬು ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕೆಂದೂ ತೀರ್ಮಾನಿಸಿದ್ದ. ಅತ್ತೆಯವರು, ಇನ್ನು ಅಳಿಯನಿಗೆ ಬಿಡುವೇ ಬಿಡುವು ಎಂದು, ಪುರಿ ಯಾತ್ರೆಗೆ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದರು.

ಕಲ್ಲಪ್ಪನವರು ಕೈಮುಗಿದು, ತಪ್ಪೆಲ್ಲ ನನ್ನದು ಎಂದು ಹಿಂದಿ ಬಂಗಾಳಿ ಬೆರೆಸಿ ಒಪ್ಪಿಸಿದರು. ಮಿತಾಲಿಯವರ ಮುಖ ಸಡಿಲಾಯಿತು. ಭಾವಮೈದುನನ ಮುಖ ಬಿಗಿಯಿತು.

"ಅಂದರೆ ಅಳಿಯಂದಿರು ರಿಟೈರ್ ಆಗಿಲ್ಲವೇ?" ಎಂದರು ಅತ್ತೆ.

"ಇಲ್ಲ ತಾಯಿ."

"ಮತ್ತೆ ಶಾಲು ಯಾಕೆ ಹೊದಿಸಿದೆ? ನನ್ನ ಪುರಿಯ ಗತಿಯೇನು?"

ಕಲ್ಲಪ್ಪನವರು ಮಿತಾಲಿ ಕೊಟ್ಟ ರಸಗುಲ್ಲಾವನ್ನು ತಪ್ಪೊಪ್ಪಿಗೆಯ ದಂಡವೆಂಬಂತೆ ನುಂಗಿದರು. ಸಕ್ಕರೆ ಕಾಯಿಲೆಯಿದೆ ಎಂದು ಹೇಳುವ ಧೈರ್ಯವಾಗಲಿಲ್ಲ.

"ಸಂಜೆ ಬಂದರೆ ಕಂಪ್ಯೂಟರ್ ಮುಂದೆಯೇ ಕೂರುತ್ತಾರೆ ದಾದಾ," ಎಂದರು ಮಿತಾಲಿ. "ಏನೆಂದು ಕೇಳಿದರೆ ‘ನೋಡ್ತಾ ಇದೀನಿ’ ಅನ್ನುತ್ತಾರೆ. ಅದೇನು ನೋಡುತ್ತಾರೋ, ದಿನಾ ಮುಖ ಸಣ್ಣ ಮಾಡಿಕೊಂಡು ಏಳುತ್ತಾರೆ."

ಬಸ್ ಸ್ಟಾಪಿನವರೆಗೆ ಬಿಡಲು ಬಂದ ಸುಬಿಮಲ್ ಬಾಬುವನ್ನು ಕಲ್ಲಪ್ಪನವರು ಓಣಿಯ ತಿರುವಿನಲ್ಲಿ ನಿಲ್ಲಿಸಿದರು.

"ನಾವು ನಿಮಗೇನು ಮಾಡಬೇಕಿತ್ತು, ಬಾಬು? ಬಾಯಿ ಬಿಟ್ಟು ಹೇಳಿ."

"ಒಂದು ಉತ್ತರ," ಎಂದರು ಸುಬಿಮಲ್ ಬಾಬು.

"ಯಾವುದಕ್ಕೆ?"

"ಪ್ಲಗಿನ್ ಜೊತೆ ಒಂದು ಪ್ರಶ್ನೆ ಕಳಿಸಿದ್ದೆ. ಹಳೇ ಲೆಕ್ಕದ ಪಂಜಿಕಾ ಒಂದು, ಹೊಸ ಲೆಕ್ಕದ್ದು ಒಂದು. ಕೆಲವು ಸಲ ಒಂದೇ ಪೂಜೆ ಎರಡರಲ್ಲಿ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಯಾವುದನ್ನು ತೋರಿಸಲಿ ಅಂತ ಕೇಳಿದ್ದೆ. ಬೇಸಿಗೆಯಲ್ಲಿ. ದಿನಾ ನೋಡಿದೆ, ಯಾರೂ ಏನೂ ಅನ್ನಲಿಲ್ಲ. ತಪ್ಪಾಗಿದೆ ಅಂದಿದ್ದರೂ ಸಾಕಿತ್ತು, ತಿದ್ದುತ್ತಿದ್ದೆ." ಆಮೇಲೆ, "ಶಾಲು ಚೆನ್ನಾಗಿದೆ ಕಲ್ಲಪ್ಪ ಬಾಬು. ಆದರೆ ನಾನು ಬರೆದದ್ದನ್ನು ನೀವು ಯಾರೂ ಓದಿಲ್ಲ, ಅಲ್ಲವೇ?" ಎಂದರು.

ಕಲ್ಲಪ್ಪನವರ ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಕಚೇರಿಯಲ್ಲಿ ಅವರದು ಟಪಾಲು ವಿಭಾಗ. ದೇವಲೋಕಕ್ಕೆ ಪಾಸ್‌ಪೋರ್ಟ್ ಕೇಳಿ ಬರೆದವರಿಗೂ ‘ತಮ್ಮ ಪತ್ರ ತಲುಪಿದೆ’ ಎಂದು ಒಂದು ಸಾಲು ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಅಂಥವರ ಮನೆಯ ಹೊಸ್ತಿಲಲ್ಲಿ ಒಬ್ಬ ಸಭ್ಯ ಮನುಷ್ಯ ಬೇಸಿಗೆಯಿಂದ ಕಾಯುತ್ತ ನಿಂತಿದ್ದಾನೆ, ಒಳಗಿನವರು ಅವನನ್ನು ಮಾತಾಡಿಸದೆ ಪೇಟ ಇಟ್ಟು ಕಳಿಸಿದ್ದಾರೆ.

ಮನೆಗೆ ಬಂದಾಗ ಅಕ್ಷರಾ ಲ್ಯಾಪ್‌ಟಾಪ್ ಮುಂದಿದ್ದಳು. ಪಡಸಾಲಿ ಮುಚ್ಚುವ ನೋಟಿಸ್ ಬರೆದಾಗಿತ್ತು. ಪೂಜೋವರೆಗೂ ಕಾಯುವುದೇನು, ಇವತ್ತೇ ಹಾಕುತ್ತೇನೆ ಎಂದಳು. ಕಲ್ಲಪ್ಪನವರು ಪಕ್ಕದಲ್ಲಿ ಕೂತು, ಓಣಿಯ ತಿರುವಿನಲ್ಲಿ ಕೇಳಿದ್ದನ್ನು ಒಂದೂ ಮಾತು ಏರಿಸದೆ ಇಳಿಸದೆ ಹೇಳಿದರು.

ಅಕ್ಷರಾಳ ಕಣ್ಣು ತುಂಬಿತು. "ನೋಡಿದ್ದೆ ಅಪ್ಪಾ ಅದನ್ನ. ಪ್ರಾಪರ್ ಆಗಿ ಓದಿ ಬರೀಬೇಕು ಅಂತ ಇಟ್ಟೆ. ಆಮ್ಯಾಲೆ ಟೈಮ್ ಆಗಲಿಲ್ಲ. ಆಮ್ಯಾಲೆ ಇಷ್ಟ್ ಲೇಟ್ ಆತಲ್ಲ ಅಂತ ನಾಚಿಕಿ ಆತು. ಆಮ್ಯಾಲೆ ಅದನ್ನ ಓಪನ್ ಮಾಡಾಕನ ಅಂಜಿಕಿ."

ಕಲ್ಲಪ್ಪನವರು ಬೈಯಲಿಲ್ಲ. ಯಾವ ಬಾಯಿಂದ ಬೈಯಬೇಕು? ಮಗಳು ನೋಡಿಯೂ ಏನೂ ಹೇಳಿರಲಿಲ್ಲ, ಅಪ್ಪ ಓದದೆ ಎಲ್ಲವನ್ನೂ ಹೇಳಿ ಬಂದಿದ್ದ. ಜನ ಬರುತ್ತಿಲ್ಲ ಎಂದು ಇಬ್ಬರೂ ಕೂಡಿ ಮರುಗಿದ್ದರು.

"ಲೇಟಾದ್ರೂ ಚಿಂತಿಲ್ಲ, ಈಗ ಬರಿ. ಖರೇ ಏನೈತಿ ಅದನ್ನ ಬರಿ."

"ಏನಂತ ಬರೀಲಿ? ಎರಡು ಪಂಜಿಕಾದಾಗ ಯಾವುದು ಕರೆಕ್ಟ್ ಅಂತ ನಂಗೂ ಗೊತ್ತಿಲ್ಲ."

ಸೊಪ್ಪು ಸೋಸುತ್ತಿದ್ದ ಇಂದಿರಾ ತಲೆಯೆತ್ತದೆ ಹೇಳಿದರು, "ನೀ ಯಾಕ ನಿರ್ಧಾರ ಮಾಡ್ತಿ? ಎರಡೂ ಇಡ್ರಿ. ಯಾರ ಮನ್ಯಾಗ ಯಾವ್ದು ನಡೀತೈತೋ ಅವರು ಅದನ್ನ ಹಿಡಕೋತಾರ."

ಅಕ್ಷರಾ ತಾಯಿಯನ್ನೇ ನೋಡಿದಳು. "ಅವ್ವಾ, ಇಟ್ಸ್ ಜಸ್ಟ್ ಎ ಸೆಟ್ಟಿಂಗ್!" ಎಂದಳು.

"ಏನೋ ಒಂದು. ಮೊದಲ ಬರಿ ಅಂತಾರ ನಿಮ್ಮಪ್ಪ, ಬರಿ."

ಅವಳು ಬರೆದಳು. ತಡವಾದದ್ದು ನನ್ನ ತಪ್ಪು, ನಿಮ್ಮದನ್ನು ಇವತ್ತು ಪೂರ್ತಿ ಓದಿದೆ, ಎರಡನ್ನೂ ಇಟ್ಟರೆ ಹೇಗೆ, ನೀವೇನು ಹೇಳುತ್ತೀರಿ ಎಂದು. ಕೊನೆಯಲ್ಲಿ ‘ಗೌರವಪೂರ್ವಕ ಅನಂತ ಪ್ರಣಾಮಗಳೊಂದಿಗೆ’ ಎಂದು ಸೇರಿಸು ಎಂದರು ಕಲ್ಲಪ್ಪನವರು. ಅವಳು ಸೇರಿಸಲಿಲ್ಲ. ನೋಟಿಸನ್ನು ಹಾಕಲೂ ಇಲ್ಲ, ಅಳಿಸಲೂ ಇಲ್ಲ.

ಉತ್ತರ ಬರಲಿಲ್ಲ. ಶನಿವಾರ ಹೋಯಿತು, ವಾರ ಹೋಯಿತು. ಪಾಡಾದಲ್ಲಿ ಪೆಂಡಾಲಿಗೆ ಬಿದಿರು ಕಟ್ಟತೊಡಗಿದರು. ಅಕ್ಷರಾ ಬಸ್ಸಿನಿಂದ ಇಳಿದು ಬರುವಾಗಲೂ ಫೋನ್ ನೋಡುತ್ತಲೇ ಬರುತ್ತಿದ್ದಳು. ಕಾಯುವುದೆಂದರೆ ಏನು ಎಂಬುದು ಈಗ ಆ ಮನೆಗೂ ಗೊತ್ತಾಯಿತು. ಅಣ್ಣಪ್ಪನವರು ಫೋನ್ ಮಾಡಿ, ಸನ್ಮಾನದ ಫೋಟೋಗಳು ಬಹಳ ಚೆನ್ನಾಗಿ ಬಂದಿವೆ, ಮುಂದಿನ ರತ್ನ ಯಾರು ಎಂದು ಕೇಳಿದರು. ಕಲ್ಲಪ್ಪನವರು ಗಂಟಲು ಕೆಟ್ಟಿದೆ ಎಂದು ಹೇಳಿ ಫೋನಿಟ್ಟರು.

ಒಂದು ಸಂಜೆ ಕಲ್ಲಪ್ಪನವರ ಫೋನ್ ರಿಂಗಾಯಿತು. ಸುಬಿಮಲ್ ಬಾಬು! ಕಲ್ಲಪ್ಪನವರು ಅಂಗಿ ಸರಿಮಾಡಿಕೊಂಡು, ಕೃತಜ್ಞತೆ ಸ್ವೀಕರಿಸುವ ದನಿಯಲ್ಲಿ "ಹೇಳಿ ಬಾಬು" ಎಂದರು.

"ಏನು ಹೇಳುವುದು, ನಿಮ್ಮ ತಲೆ! ನಿಮ್ಮ ಹುಡುಗಿ ಏನು ಮಾಡಿಟ್ಟಿದ್ದಾಳೆ ಗೊತ್ತೇ?" ಆ ನಾಚಿಕೆಯ ಮನುಷ್ಯನ ದನಿ ಅಡುಗೆಮನೆಯವರೆಗೂ ಕೇಳಿಸಿತು. "ಎರಡೂ ಪಂಜಿಕಾ ಸೇರಿಸಿಯೇ ಉತ್ತರ ಕಳಿಸೋಣವೆಂದು ನಾನು ಇಷ್ಟು ದಿನ ಸಂಜೆಯೆಲ್ಲ ಕೂತು ಬರೆದರೆ, ಅವಳು ತನ್ನ ಪಡಸಾಲಿಯಲ್ಲಿ ಸೂರ್ಯೋದಯವನ್ನು ದಿಲ್ಲಿಯ ಹೊತ್ತಿಗೆ ಹಿಡಿದಿದ್ದಾಳೆ. ದಿಲ್ಲಿಯಲ್ಲಿ ಸೂರ್ಯ ಹುಟ್ಟುವಾಗ ಇಲ್ಲಿ ನಮ್ಮ ಮನೆಯವರು ಒಗೆದ ಬಟ್ಟೆ ಒಣಹಾಕಿರುತ್ತಾರೆ! ಪಿಎಚ್‌ಡಿಯಂತೆ! ಫೋನ್ ಕೊಡಿ ಅವಳಿಗೆ!"

ಅಕ್ಷರಾ ಓಡಿಬಂದು ಫೋನ್ ಕಸಿದಳು. "ನೋ ಸುಬಿಮಲ್‌ದಾ, ವೋ ತೋ ಸಿರ್ಫ್ ಡಿಫಾಲ್ಟ್ ಹೈ... ಅರೇ ಸುನಿಯೇ ನಾ! ನಿಮ್ದು ಕೋಡ್‌ನಾಗೂ ಒಂದು ಬಗ್ ಐತಿ, ಅದನ್ನ ಮೊದ್ಲು ಹೇಳ್ರಿ!" ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂಬ ಖಬರಿಲ್ಲದೆ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು ಲ್ಯಾಪ್‌ಟಾಪ್ ಬಿಚ್ಚಿದಳು. ಪರದೆಯ ಮೇಲೆ ತೆರೆದೇ ಇದ್ದ ನೋಟಿಸ್ ಅಡ್ಡ ಬಂತು. ಅದನ್ನು ಓದಲೂ ಇಲ್ಲ, ಅಳಿಸಿ ಕೋಡ್ ತೆರೆದಳು. ಆ ಕಡೆಯಿಂದ ಒಂದು ಕೂಗು, ಈ ಕಡೆಯಿಂದ ಒಂದು ಕೂಗು. ಮಧ್ಯೆ ಅವಳು ಪಕ್ಕನೆ ನಕ್ಕಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ.

ಇಂದಿರಾ ಗಾಬರಿಯಾಗಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಅಯ್ಯ, ಮತ್ತ ಏನ್ ಮಾಡಿಟ್ರಿ? ಯಾಕ ಹಂಗ ಜಗಳಾಡಾಕತ್ತಾರ?"

ಕಲ್ಲಪ್ಪನವರು ಬೆರಳು ತುಟಿಗಿಟ್ಟು ಹೆಂಡತಿಯನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋದರು.

"ನಡಬರಕ ಹೋಗಬ್ಯಾಡ, ಇಂದಿರಾ," ಎಂದರು. "ಆಕಿಗೆ ಬೈಯಾಕ ಒಬ್ಬರು ಬಂದಾರ."